ಬ್ರಿಟನ್ ಚಾರ್ಟ್‌ನಲ್ಲಿ ನಂಬರ್ ಒನ್ ಇರೋ ಹಾಡೇ ಆ ವಾರ ಅತಿ ಹೆಚ್ಚು ಜನ ಕೇಳಿದ ಹಾಡಾ?

ಸುಮಾರು ಸಲ ಹೌದು, ಆದ್ರೆ ಯಾವಾಗ್ಲೂ ಅಲ್ಲ. ಅಲ್ಲಿನ ಅಫೀಶಿಯಲ್ ಸಿಂಗಲ್ಸ್ ಚಾರ್ಟ್‌ಗೆ, ಅಂದ್ರೆ ವಾರವಾರ ಹಾಡುಗಳಿಗೆ ಸ್ಥಾನ ಕೊಡೋ ಪಟ್ಟಿಗೆ, ಸ್ಟ್ರೀಮಿಂಗ್ ಸೇರಿಸಿದ್ದು 2014ರ ಜುಲೈನಲ್ಲಿ, ಆಗ 100 ಸಲ ಪ್ಲೇ ಆದ್ರೆ ಒಂದು ಸೇಲ್ ಅಂತ ಲೆಕ್ಕ. ಈಗ ಸೇಲ್ಸ್ ಪಾಲು ತುಂಬಾ ಕಮ್ಮಿ ಆಗಿ ಸ್ಟ್ರೀಮಿಂಗೇ ಹೆಚ್ಚುಕಮ್ಮಿ ಎಲ್ಲಾ ತೀರ್ಮಾನ ಮಾಡುತ್ತೆ. ಒಬ್ಬ ಅಭಿಮಾನಿ ರಾತ್ರಿಯಿಡೀ ಒಂದೇ ಹಾಡು ರಿಪೀಟ್ ಹಾಕಿದ್ರೂ ದಿನಕ್ಕೆ 10 ಪ್ಲೇ ಮಾತ್ರ ಲೆಕ್ಕಕ್ಕೆ ತಗೋತಾರೆ ಅನ್ನೋ ರೂಲ್ ಶುರುವಿನಲ್ಲೇ ಇಟ್ಟಿದ್ರು, ಅದು ಒಳ್ಳೇದೇ.

ತೊಂದ್ರೆ ಬಂದಿದ್ದು ಆಮೇಲೆ. ಸಿಡಿ ಆದ್ರೆ ಒಂದ್ಸಲ ತಗೊಂಡ್ರೆ ಮುಗೀತು, ಸ್ಟ್ರೀಮಿಂಗ್‌ನಲ್ಲಿ ಜನ ತಿಂಗಳುಗಟ್ಟಲೆ ಅದನ್ನೇ ಕೇಳ್ತಾನೇ ಇರ್ತಾರೆ, ಹಂಗಾಗಿ 2016ರಲ್ಲಿ ಡ್ರೇಕ್‌ನ ಒಂದು ಹಾಡು ಸತತ 15 ವಾರ ನಂಬರ್ ಒನ್ ಬಿಟ್ಟು ಅಲ್ಲಾಡ್ಲಿಲ್ಲ, 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಆಲ್ಬಮ್ ಬಂದಾಗ ಅದರ 16 ಹಾಡೂ ಟಾಪ್ 20ಯಲ್ಲಿ ಕೂತ್ಬಿಟ್ವು. ಹೊಸಬರಿಗೆ ಜಾಗ ಎಲ್ಲಿ? ಅದೇ ವರ್ಷದ ಜುಲೈನಲ್ಲಿ ಎರಡು ರೂಲ್ ತಂದ್ರು. ಒಂದು ವಾರಕ್ಕೆ ಒಬ್ಬ ಕಲಾವಿದನ ಮೂರು ಹಾಡು ಮಾತ್ರ ಚಾರ್ಟ್‌ಗೆ ಅರ್ಹ. ಇನ್ನೊಂದು, ಚಾರ್ಟ್‌ನಲ್ಲಿ 10 ವಾರ ಕಳೆದ ಹಾಡಿನ ಕೇಳುಗರು ಸತತ ಮೂರು ವಾರ ಇಳಿದ್ರೆ ಅದರ ಪ್ಲೇಗಳಿಗೆ ಅರ್ಧ ಬೆಲೆ. ಈಗಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೇಳೋರ 100 ಪ್ಲೇಗೆ, ಫ್ರೀ ಕೇಳೋರ 600 ಪ್ಲೇಗೆ ಒಂದು ಸೇಲ್, ಅರ್ಧ ಬೆಲೆಗೆ ಬಿದ್ದ ಹಾಡಿಗೆ ಅದು 200 ಮತ್ತು 1200. ಹಳೇ ಹಾಡುಗಳಂತೂ ಮೊದಲಿಂದ್ಲೇ ಅರ್ಧ ಬೆಲೆಯಲ್ಲೇ ಇರ್ತವೆ.

ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು 2022ರ ಜೂನ್‌ನಲ್ಲಿ. ಕೇಟ್ ಬುಷ್ 1985ರಲ್ಲಿ ಹಾಡಿದ 'ರನ್ನಿಂಗ್ ಅಪ್ ದಟ್ ಹಿಲ್' ಅನ್ನ 'ಸ್ಟ್ರೇಂಜರ್ ಥಿಂಗ್ಸ್' ಸೀರೀಸ್‌ನಲ್ಲಿ ಹಾಕಿದ್ರು, ಹುಡುಗ್ರೆಲ್ಲ ಹುಡುಕ್ಕೊಂಡು ಹೋಗಿ ಕೇಳಿದ್ರು, ಅಷ್ಟಾದ್ರೂ ಒಂದು ವಾರ ಅದು ಹ್ಯಾರಿ ಸ್ಟೈಲ್ಸ್ ಹಾಡಿನ ಹಿಂದೆ ಎರಡನೇ ಸ್ಥಾನದಲ್ಲೇ ನಿಂತಿತ್ತು, ಕಾರಣ ಈ ಅರ್ಧ ಬೆಲೆ. ಆಮೇಲೆ ಚಾರ್ಟ್‌ನವರು ಅದಕ್ಕೆ ವಿನಾಯ್ತಿ ಕೊಟ್ರು, ಮುಂದಿನ ವಾರವೇ ನಂಬರ್ ಒನ್. ಬಿಡುಗಡೆಯಾಗಿ 37 ವರ್ಷಕ್ಕೆ! ಆಕೆಯ ಹಿಂದಿನ ನಂಬರ್ ಒನ್ ಬಂದಿದ್ದು 1978ರಲ್ಲಿ. ಆ ವಿನಾಯ್ತಿ ನೂರಕ್ಕೆ ನೂರು ನ್ಯಾಯ ಅಂತ ನಾನು ಈಗ್ಲೂ ಹೇಳ್ತೀನಿ, ಯಾಕಂದ್ರೆ ಅಲ್ಲಿ ಜನ ಹಳೇ ಅಭ್ಯಾಸಕ್ಕೆ ಕೇಳ್ತಿರ್ಲಿಲ್ಲ, ಮೊದಲನೇ ಸಲ ಕೇಳ್ತಿದ್ರು.

ಒಟ್ಟಾರೆ ಆ ಅರ್ಧ ಬೆಲೆ ರೂಲ್ ಮಾತ್ರ ಇರ್ಲೇಬೇಕು, ಇಲ್ಲಾಂದ್ರೆ ಹೊಸ ಹಾಡು ಮೇಲೆ ಬರೋಕೇ ಆಗಲ್ಲ. ಬರೀ ಪ್ಲೇ ಎಣಿಕೆ ಬೇಕಿದ್ರೆ ಸ್ಪಾಟಿಫೈನವರ ಬ್ರಿಟನ್ ಪಟ್ಟಿ ನೋಡಿ, ಅಲ್ಲಿ ಎಷ್ಟು ಸ್ಟ್ರೀಮ್ ಅಂತ ಪಕ್ಕದಲ್ಲೇ ಹಾಕಿರ್ತಾರೆ, ಆದ್ರೆ ಅದು ಒಂದೇ ಆ್ಯಪ್‌ನ ಲೆಕ್ಕ.