ಹಾರ ಹಾಕಿದ್ದನ್ನು ಸಾಕ್ಷಿಯೂ ನೋಡಿರುತ್ತಾನೆ

ಪ್ರಶ್ನೆ: ಮೇಡಂ, ನೀವು ವರ್ಷಗಟ್ಟಲೆ ಕೋರ್ಟು ವರದಿ ಮಾಡಿದವರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಪತ್ರಕರ್ತೆ ಗೌರಿ ಲಂಕೇಶ್ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದವರಿಗೆಲ್ಲ ಜಾಮೀನು ಸಿಕ್ಕಿದೆ. ಅವರಲ್ಲಿ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತ ಮಾಡಿದ್ದೂ ಆಯಿತು. ಇನ್ನು ಈ ಕೇಸು ಮುಗಿದ ಹಾಗೇನಾ?
– ನಿವೃತ್ತ ಮೇಷ್ಟ್ರು, ತರೀಕೆರೆ

ಇಲ್ಲ ಮೇಷ್ಟ್ರೇ, ಮುಗಿದಿಲ್ಲ. ಜಾಮೀನು ಸಿಕ್ಕಿತು ಅಂದರೆ ಖುಲಾಸೆ ಆಯಿತು ಅಂತ ಅರ್ಥ ಅಲ್ಲ. ಆದರೆ ನಿಮ್ಮ ಸಂಕಟ ನನಗೂ ಇದೆ. 2017ರ ಸೆಪ್ಟೆಂಬರ್ 6ರಂದು ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿ ಗೌರಿ ಅವರ ಅಂತಿಮ ದರ್ಶನಕ್ಕೆ ನಾನೂ ಸಾಲಿನಲ್ಲಿ ನಿಂತಿದ್ದೆ. ಹಿಂದಿನ ರಾತ್ರಿ 8ರ ಹೊತ್ತಿಗೆ ರಾಜರಾಜೇಶ್ವರಿ ನಗರದ ತಮ್ಮ ಮನೆ ಗೇಟಿನ ಹತ್ತಿರವೇ ಅವರಿಗೆ ಗುಂಡು ಹೊಡೆದಿದ್ದರು. ಮುಂದಿನ ವಾರದ ಪ್ರತಿರೋಧ ಸಮಾವೇಶದಲ್ಲಿ 'ನಾನೂ ಗೌರಿ' ಅಂತ ಬರೆದ, ಹಣೆಗೆ ಕಟ್ಟುವ ಒಂದು ಪಟ್ಟಿ ಕೊಟ್ಟಿದ್ದರು. ಅದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಜಾಮೀನು ಯಾಕೆ ಸಿಕ್ಕಿತು ಅಂತ ನೋಡೋಣ. ವಿಶೇಷ ತನಿಖಾ ತಂಡ (ಎಸ್‌ಐಟಿ) ಈ ಕೇಸಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. 18 ಆರೋಪಿಗಳು, 9,000ಕ್ಕೂ ಹೆಚ್ಚು ಪುಟಗಳ ದೋಷಾರೋಪ ಪಟ್ಟಿ, 500ಕ್ಕೂ ಹೆಚ್ಚು ಸಾಕ್ಷಿಗಳು. ಆದರೆ ವಿಚಾರಣೆ ಶುರುವಾಗಿದ್ದು 2022ರ ಜುಲೈನಲ್ಲಿ. ಅಷ್ಟರಲ್ಲಿ ಕೊಲೆಯಾಗಿ ಹತ್ತಿರ ಹತ್ತಿರ 5 ವರ್ಷ. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮೊದಲ ಜಾಮೀನು ಕೊಟ್ಟಾಗ ಇನ್ನೂ ನೂರು ಸಾಕ್ಷಿಗಳ ವಿಚಾರಣೆಯೂ ಆಗಿರಲಿಲ್ಲ. ತೀರ್ಪಿಲ್ಲದೆ ಒಬ್ಬರನ್ನು ಎಷ್ಟು ವರ್ಷ ಒಳಗೆ ಇಡಬಹುದು? ಆ ಪ್ರಶ್ನೆ ನ್ಯಾಯವಾದದ್ದೇ. 2025ರ ಜನವರಿ ಹೊತ್ತಿಗೆ ಬಂಧಿತರಾಗಿದ್ದ 17 ಜನರಿಗೂ ಜಾಮೀನಾಯಿತು. ಇನ್ನೊಬ್ಬ ಸಿಕ್ಕೇ ಇಲ್ಲ.

ಜಾಮೀನಿನ ಬಗ್ಗೆ ನನಗೆ ತಕರಾರಿಲ್ಲ. ಅಪರಾಧ ಸಾಬೀತಾಗುವ ತನಕ ಅವರು ಆರೋಪಿಗಳು ಮಾತ್ರ. ನನಗೆ ಭಯ ಹುಟ್ಟಿಸಿದ್ದು ಆ ಹಾರ. ಅದೇ ಊರಿನಲ್ಲಿ, ಪಕ್ಕದ ಬೀದಿಯಲ್ಲಿ, ಯಾರೋ ಒಬ್ಬ ಸಾಕ್ಷಿ ಇರಬಹುದು ಅಲ್ವಾ? ಸಿಮ್ ಮಾರಿದವನು, ಬೈಕ್ ರಿಪೇರಿ ಮಾಡಿದವನು, ಮನೆ ಬಾಡಿಗೆಗೆ ಕೊಟ್ಟವನು. ಊರು ಯಾರ ಪರ ಇದೆ ಅಂತ ಆ ಹಾರ ಅವನಿಗೆ ಹೇಳಿಬಿಡುತ್ತದೆ. ಸಮನ್ಸ್ ಬಂದಾಗ ಅವನಿಗೆ ಮೊದಲು ನೆನಪಾಗುವುದು ಅದೇ.

ಸಾಕ್ಷಿ ಅಂದರೆ ಎಷ್ಟು ಸಣ್ಣ ನೂಲು ಅಂತ ನಾನು ಬೇರೊಂದು ಕೊಲೆ ಕೇಸಿನಲ್ಲಿ ನೋಡಿದ್ದೇನೆ. ಪೊಲೀಸರು ವಸ್ತು ವಶಪಡಿಸಿಕೊಂಡಾಗ ಬರೆಯುವ ಮಹಜರಿಗೆ ಪಂಚರಾಗಿ, ಅಂದರೆ ಸಾಕ್ಷಿಯಾಗಿ, ಸಹಿ ಹಾಕಿದ್ದ ಟೀ ಅಂಗಡಿಯವರೊಬ್ಬರು 9 ವರ್ಷದ ಮೇಲೆ ಕಟಕಟೆ ಹತ್ತಿದರು. ವಶಪಡಿಸಿಕೊಂಡ ಮಾಲಿನ ಚೀಟಿ ತೋರಿಸಿ, ಇದು ನಿಮ್ಮ ಸಹಿಯಾ ಅಂತ ಕೇಳಿದರು. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, "ಸಹಿ ನನ್ನದೇ ಸ್ವಾಮಿ" ಅಂದರು. ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಅಂಗಿಯ ಬಣ್ಣ ಕೇಳಿದರು. ನೆನಪಿರಲಿಲ್ಲ. ಯಾವ ಜೇಬಿನಿಂದ ಏನು ತೆಗೆದರು ಅಂತ ಕೇಳಿದರು. ಅದೂ ನೆನಪಿರಲಿಲ್ಲ. ಅವರು ಒಂದೇ ಒಂದು ಸುಳ್ಳು ಹೇಳಲಿಲ್ಲ. ಆದರೂ ಆವತ್ತು ಕೇಸು ಸಡಿಲವಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ನಾನೇ ಕೆಡಿಸಿಬಿಟ್ನಾ ಅಮ್ಮಾ?" ಅಂತ ನನ್ನನ್ನು ಕೇಳಿದರು. ತಡ ಮಾಡಿದ್ದು ಅವರಲ್ಲ, ಆದರೆ ಅದರ ಭಾರ ಹೊತ್ತಿದ್ದು ಅವರು.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಸರಣಿಯ ಕೊಲೆಗಳನ್ನು ನೋಡಿ. ವಿಚಾರವಾದಿ ದಾಭೋಲ್ಕರ್ ಅವರನ್ನು 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಕೊಂದರು. ಎಡಪಂಥೀಯ ನಾಯಕ ಪಾನ್ಸರೆ ಅವರಿಗೆ 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗುಂಡು ಬಿತ್ತು. ಆ ವರ್ಷ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ನಮ್ಮ ಸಂಶೋಧಕ ಕಲಬುರ್ಗಿ ಮೇಷ್ಟ್ರು ಗುಂಡಿಗೆ ಬಲಿಯಾಗಿ ಹೋದರು. ಅವರು ಹೋಗಿ 2 ವರ್ಷ 6 ದಿನಕ್ಕೆ ಗೌರಿ. ಅಷ್ಟು ದಿನವೂ ಕಲಬುರ್ಗಿ ಕೇಸಿನಲ್ಲಿ ಒಬ್ಬರ ಬಂಧನವೂ ಆಗಿರಲಿಲ್ಲ. ಕಲಬುರ್ಗಿ, ಗೌರಿ ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂಎಂ ಪಿಸ್ತೂಲು ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಧಾರವಾಡದ ಕೇಸು ಆ 2 ವರ್ಷದೊಳಗೆ ಬಗೆಹರಿದಿದ್ದರೆ? ಈ ಪ್ರಶ್ನೆ ನನ್ನನ್ನು ರಾತ್ರಿ ಎಬ್ಬಿಸುತ್ತದೆ. ದಾಭೋಲ್ಕರ್ ಕೇಸಿನಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಗಲು 2024ರ ಮೇ ಬರಬೇಕಾಯಿತು.

ನಾವೇನು ಮಾಡಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೆಪ್ಟೆಂಬರ್ 5ಕ್ಕೆ ಹೂವಿಟ್ಟರೆ ಸಾಲದು. ನಮ್ಮ ಕೋರ್ಟುಗಳ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ, ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಕೇಸಿನ ಮುಂದಿನ ತಾರೀಖು ಇ-ಕೋರ್ಟ್ಸ್ ಆ್ಯಪ್‌ನಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ತಿಂಗಳಿಗೆ ಒಬ್ಬರು ಹೋಗಿ ಸುಮ್ನೆ ಕೂತು ಬರಲಿ. ಕಟಕಟೆಯಲ್ಲಿ ನಿಂತವರಿಗೆ ಎದುರಿಗೆ ನಾಲ್ಕು ಮುಖ ಕಾಣುವುದು ಎಷ್ಟು ಧೈರ್ಯ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ನವೆಂಬರ್ 2 ಪತ್ರಕರ್ತರಿಗೆ ಸಂಬಂಧಪಟ್ಟ ದಿನವಂತೆ. ನಮ್ಮ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಏನದು?
– ಬಿ.ಎ. ವಿದ್ಯಾರ್ಥಿನಿ, ಹಾಸನ

2013ರ ನವೆಂಬರ್ 2ರಂದು ಆಫ್ರಿಕಾದ ಮಾಲಿ ದೇಶದಲ್ಲಿ ಫ್ರಾನ್ಸಿನ ಇಬ್ಬರು ರೇಡಿಯೊ ಪತ್ರಕರ್ತರನ್ನು ಅಪಹರಿಸಿ ಕೊಂದರು. ಪತ್ರಕರ್ತರ ಮೇಲಿನ ಅಪರಾಧಗಳಿಗೆ ಶಿಕ್ಷೆಯೇ ಆಗದ ಸ್ಥಿತಿ ಕೊನೆಯಾಗಬೇಕು ಅಂತ ವಿಶ್ವಸಂಸ್ಥೆ ಆ ದಿನವನ್ನು ಗೊತ್ತು ಮಾಡಿತು. ಜಗತ್ತಿನಲ್ಲಿ ಇಂಥ ಕೊಲೆಗಳಲ್ಲಿ ಸುಮಾರು ನೂರಕ್ಕೆ 85 ಬಗೆಹರಿಯುವುದೇ ಇಲ್ಲ ಅನ್ನುವುದು ಯುನೆಸ್ಕೊ ಲೆಕ್ಕ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನೀನೇ ಬರೆದು ಹಾಕು ಮಗಳೇ.

ಪ್ರಶ್ನೆ: ಅಕ್ಕ, ನಾನು ತಾಲ್ಲೂಕು ವರದಿಗಾರ. ಮರಳು ದಂಧೆ ಬಗ್ಗೆ ಬರೆದ ಮೇಲೆ ಎರಡು ಸಲ ಫೋನ್ ಬಂದಿದೆ. 'ಮಕ್ಕಳು ಯಾವ ಸ್ಕೂಲು?' ಅಂತ ಕೇಳಿದರು. ಹೆಂಡತಿಗೂ ಹೇಳಿಲ್ಲ.
– ಹೆಸರು ಬೇಡ

ತಮ್ಮಾ, ಇವತ್ತೇ ಹೆಂಡತಿಗೆ ಹೇಳು. ಒಬ್ಬನೇ ಇದ್ದಾನೆ ಅಂತ ಅವರಿಗೆ ಅನ್ನಿಸಬಾರದು. ಛತ್ತೀಸಗಢದ ಬಿಜಾಪುರದಲ್ಲಿ ಮುಖೇಶ್ ಚಂದ್ರಾಕರ್ ರಸ್ತೆ ಕಾಮಗಾರಿಯ ಅಕ್ರಮ ಹೊರಗೆ ತಂದ ಹುಡುಗ. 2025ರ ಜನವರಿ 1ರಂದು ಕಾಣೆಯಾದ. 3ರಂದು ಸೆಪ್ಟಿಕ್ ಟ್ಯಾಂಕ್‌ನಲ್ಲಿ ಹೆಣ ಸಿಕ್ಕಿತು. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. 'ಸುಮ್ನೆ ಫೋನು, ಏನಾಗಲ್ಲ' ಅಂತ ನೀನು ತಳ್ಳಿಹಾಕಬಾರದು ಅಂತ.

ಕರೆ ಬಂದ ನಂಬರು, ತಾರೀಖು, ಗಂಟೆ, ಆಡಿದ ಮಾತು ಎಲ್ಲ ಬರೆದಿಡು. ಠಾಣೆಗೆ ಲಿಖಿತ ದೂರು ಕೊಡು. ಬಾಯಲ್ಲಿ ಹೇಳಿ ಬರಬೇಡ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಕೊಡಬೇಕು, ಆಗದಿದ್ದರೆ ಹಿಂಬರಹ, ಅಂದರೆ ಠಾಣೆಯ ಲಿಖಿತ ಉತ್ತರ, ಕೇಳು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸು. ಸಂಪಾದಕರಿಗೂ ಬರಹದಲ್ಲಿ ತಿಳಿಸು. ನಿನ್ನ ಹತ್ತಿರ ಇರುವ ದಾಖಲೆಗಳ ಇನ್ನೊಂದು ಪ್ರತಿ ಬೇರೆ ಊರಿನ ಒಬ್ಬ ಗೆಳೆಯನ ಹತ್ತಿರ ಇರಲಿ. ಈ ಸುದ್ದಿಯನ್ನು ಬೇರೆ ಪತ್ರಿಕೆಯವರೂ ಬರೆದರೆ ಬೇಜಾರು ಮಾಡಿಕೊಳ್ಳಬೇಡ, ನೀನೇ ಕೊಡು. ಐದು ಜನ ಬರೆದ ಸುದ್ದಿಯನ್ನು ಒಬ್ಬನನ್ನು ಹೊಡೆದು ನಿಲ್ಲಿಸಲು ಆಗುವುದಿಲ್ಲ.

ದೂರು ಕೊಟ್ಟ ದಿನ ನನಗೂ ಒಂದು ಸಾಲು ಬರಿ. ಆ ತಾರೀಖು ನನ್ನ ಪುಸ್ತಕದಲ್ಲೂ ಇರಲಿ.