ಮನಸ್ಸೊಂದೇ ಸಾಕಾಗಲಿಲ್ಲ

ದಾವಣಗೆರೆಯ ಶಿಕ್ಷಕಿಯೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಬೆನ್ ಹೆಲ್ಫ್‌ಗಾಟ್ ಬಗ್ಗೆ ಓದಿದೆ. ನಾಜಿ ಶಿಬಿರಗಳಿಂದ ಬದುಕಿ ಬಂದ ಹುಡುಗ ಒಲಿಂಪಿಕ್ಸ್‌ವರೆಗೆ ಹೋದನಲ್ಲ! ಮನಸ್ಸಿದ್ದರೆ ಮಾರ್ಗ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕೇ? ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಹೀಗೇ ಹೇಳಲೇ?"

ಸಂಪಾದಕರ ಉತ್ತರ:

ಕಥೆ ಖಂಡಿತ ಹೇಳಿ ಮೇಡಂ. ಆ ಗಾದೆ ಮಾತ್ರ ಬೇಡ. ಬೆನ್ ಬದುಕಿದ್ದು ಗಟ್ಟಿ ಮನಸ್ಸಿನಿಂದಲೇ ಅಂದರೆ, ಸತ್ತವರಿಗೆ ಅದು ಇರಲಿಲ್ಲ ಅಂದಂತಾಗುತ್ತದೆ, ಅಲ್ವಾ?

ಯಹೂದಿ ಕುಟುಂಬದ ಬೆನ್ ಬೆಳೆದದ್ದು ಪೋಲೆಂಡಿನ ಪಿಯೋಟ್ರ್ಕೂಫ್‌ನಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗ ಅವನಿಗೆ ಒಂಬತ್ತು ವರ್ಷ. 1942ರ ಅಕ್ಟೋಬರ್‌ನಲ್ಲಿ ಆ ಊರಿನಿಂದ 20 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ನಾಜಿಗಳು ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಬೆನ್ ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಹಾಗಾಗಿ ಉಳಿದ. ಅದೇ ಡಿಸೆಂಬರ್‌ನಲ್ಲಿ ಅವನ ತಾಯಿಯನ್ನೂ ಎಂಟು ವರ್ಷದ ತಂಗಿಯನ್ನೂ ಊರ ಹೊರಗಿನ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಆ ಮಗುವಿಗೆ ಬದುಕುವ ಮನಸ್ಸು ಇರಲಿಲ್ಲವೇ?

ಆಮೇಲೆ ಬುಕನ್‌ವಾಲ್ಡ್, ಶ್ಲೀಬೆನ್, ಟೆರೆಜಿಯೆನ್‌ಸ್ಟಾಟ್ ಶಿಬಿರಗಳು. ತಂದೆಯಿಂದಲೂ ಬೇರೆ ಮಾಡಿದರು. ಯುದ್ಧ ಮುಗಿಯಲು ಕೆಲವೇ ದಿನ ಇದ್ದಾಗ ಅವರನ್ನೂ ಕೊಂದಿದ್ದರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾದಾಗ ಬೆನ್‌ಗೆ ಹದಿನೈದು ವರ್ಷ.

ಇಲ್ಲಿಂದ ಮುಂದಿನದನ್ನು ಮಕ್ಕಳಿಗೆ ನಿಧಾನವಾಗಿ ಹೇಳಿ. ಇಂಥ ಸಾವಿರ ಅನಾಥ ಮಕ್ಕಳನ್ನು ಕರೆತರಲು ಬ್ರಿಟಿಷ್ ಸರ್ಕಾರ ಒಪ್ಪಿತು. ಆದರೆ ಅಷ್ಟು ಮಕ್ಕಳು ಸಿಗಲೇ ಇಲ್ಲ, ಬಂದವರು 732. ಆ ಆಗಸ್ಟ್‌ನಲ್ಲಿ ಸುಮಾರು 300 ಮಕ್ಕಳ ಮೊದಲ ತಂಡ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಹತ್ತಿರ ಬಂದಿಳಿಯಿತು. ಬೆನ್ ಅದರಲ್ಲಿದ್ದ. ವಿಮಾನ ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ್ದ ಮನೆಗಳವು. ಶುಭ್ರವಾದ ಹಾಸಿಗೆ, ಮೇಜಿನ ಮೇಲೆ ಬಿಳಿ ಬ್ರೆಡ್. ಮಕ್ಕಳು ಬಾಚಿಕೊಂಡು ಓಡಿದರು, ಕೋಣೆಯಲ್ಲಿ ಬಚ್ಚಿಟ್ಟರು. ನೋಡಿಕೊಳ್ಳುವವರು ಗದರಲಿಲ್ಲ, ಮತ್ತೆ ತಂದಿಟ್ಟರು. ನಾಳೆಯೂ ಸಿಗುತ್ತೆ ಅಂತ ನಂಬಿಕೆ ಬಂದ ಮೇಲೆ ಬಚ್ಚಿಡುವುದು ತಾನಾಗಿಯೇ ನಿಂತಿತು. ಇಂಗ್ಲಿಷ್ ಪಾಠ ಇತ್ತು, ಆಟ ಇತ್ತು, ಚಿತ್ರ ಬಿಡಿಸಲು ಬಣ್ಣ ಇತ್ತು. ಖರ್ಚು ಹೊತ್ತವರು ಅಲ್ಲಿನ ಯಹೂದಿ ದಾನಿಗಳು. ನನಗೆ ಇಡೀ ಕಥೆಯಲ್ಲಿ ಪದಕಕ್ಕಿಂತ ದೊಡ್ಡದಾಗಿ ಕಾಣುವುದು ಈ ವ್ಯವಸ್ಥೆ.

ಬೆನ್‌ನ ಇನ್ನೊಬ್ಬ ತಂಗಿ ಮಾಲಾ ಬರ್ಗೆನ್-ಬೆಲ್ಸೆನ್ ಶಿಬಿರದಿಂದ ಬದುಕಿ ಬಂದಿದ್ದಳು. 1947ರಲ್ಲಿ ಅವಳೂ ಇಂಗ್ಲೆಂಡಿಗೆ ಬಂದು ಅಣ್ಣನನ್ನು ಸೇರಿದಳು.

ಒಲಿಂಪಿಕ್ಸ್ ವಿಷಯ ನಿಮಗೆ ಗೊತ್ತೇ ಇದೆ: 1956ರ ಮೆಲ್ಬರ್ನ್, 1960ರ ರೋಮ್, ಎರಡರಲ್ಲೂ ಬ್ರಿಟನ್‌ನ ವೇಟ್‌ಲಿಫ್ಟಿಂಗ್ ತಂಡದ ನಾಯಕ. ನಡುವೆ 1958ರಲ್ಲಿ ಕಾರ್ಡಿಫ್ ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚು.

ಆದರೆ ಬೆನ್ ತಮ್ಮದೊಂದು ಗೆಲುವಿಗೇ ನಿಲ್ಲಲಿಲ್ಲ. ಜತೆಗೆ ಬಂದ ಆ ಮಕ್ಕಳೆಲ್ಲ ದೊಡ್ಡವರಾಗಿ 1963ರಲ್ಲಿ ಒಂದು ಸಂಘ ಕಟ್ಟಿದರು. ತಮ್ಮಲ್ಲಿ ಕಷ್ಟದಲ್ಲಿದ್ದವರಿಗೆ ನೆರವಾಗೋದು, ಬೇರೆಯವರಿಗೂ ಸಹಾಯ ಮಾಡೋದು ಅದರ ಕೆಲಸ. ಬೆನ್ ಅದನ್ನು ದಶಕಗಳ ಕಾಲ ಮುನ್ನಡೆಸಿದರು. ತೀರಿಕೊಂಡದ್ದು 2023ರಲ್ಲಿ.

ಹಾಗಾಗಿ ಮೇಡಂ, ಬದುಕಿದ್ದಕ್ಕೆ ಅದೃಷ್ಟವೂ ಬೇಕಾಯಿತು, ಮತ್ತೆ ಬದುಕು ಕಟ್ಟಲು ಜನವೂ ಬೇಕಾದರು ಅಂತ ಮಕ್ಕಳಿಗೆ ಹೇಳಿ. ಎಂಟನೇ ಕ್ಲಾಸಿನವರಿಗೆ ಇದು ಅರ್ಥವಾಗುತ್ತೆ. ಅವರು ಏನೇನು ಕೇಳಿದರು ಅಂತ ನಮಗೆ ಬರೆಯಿರಿ, ಜಾಗ ಮಾಡಿ ಅಚ್ಚು ಹಾಕುತ್ತೇವೆ.