ಡೀಬಗ್‌ನಲ್ಲಿ ಓಡುವ ಆ್ಯಪ್ ರಿಲೀಸ್‌ನಲ್ಲಿ ಬೀಳುವುದೇಕೆ? ಆರ್‌8 ಸರಿಯಾಗಿ ಹೊಂದಿಸುವ ಬಗೆ

ನಿಮ್ಮ ಪ್ರಶ್ನೆ ಇಷ್ಟು: ಕೋಟ್ಲಿನ್‌ನಲ್ಲಿ ಬರೆದ ಆಂಡ್ರಾಯ್ಡ್ ಆ್ಯಪ್‌ನ ಗಾತ್ರ ಇಳಿಸಲು ಆರ್‌8 (ಬಿಲ್ಡ್ ಆಗುವಾಗ ಬೇಡದ ಕೋಡ್ ತೆಗೆದುಹಾಕುವ ಉಪಕರಣ) ಆನ್ ಮಾಡಿದಿರಿ, ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್ ಕ್ರ್ಯಾಶ್ ಆಯಿತು. ಎಲ್ಲೋ ಓದಿ, ಇಡೀ ಪ್ಯಾಕೇಜಿಗೆ ಎರಡು ನಕ್ಷತ್ರ ಚಿಹ್ನೆಯ ಕೀಪ್ ರೂಲ್ (ಇದನ್ನು ತೆಗೆಯಬೇಡ, ಹೆಸರು ಬದಲಿಸಬೇಡ ಎಂಬ ಸೂಚನೆ) ಹಾಕಿದಿರಿ. ಈಗ ಕ್ರ್ಯಾಶ್ ಇಲ್ಲ, ಆದರೆ ಗಾತ್ರವೂ ಇಳಿದಿಲ್ಲ. ಇಳಿಯುವುದಿಲ್ಲ ಕೂಡ, ಯಾಕೆಂದರೆ ಆ ಒಂದು ಸಾಲು ನಿಮ್ಮ ಕೋಡ್ ಅನ್ನು ಮುಟ್ಟಬೇಡ ಎಂದು ಆರ್‌8ಗೆ ಹೇಳುತ್ತಿದೆ. ಮೊದಲು ಅದನ್ನು ಅಳಿಸಿ.

ಆರ್‌8 ಮ್ಯಾನಿಫೆಸ್ಟ್‌ನಲ್ಲಿರುವ (ಆ್ಯಪ್‌ನ ಭಾಗಗಳನ್ನು ಪಟ್ಟಿ ಮಾಡುವ ಫೈಲ್) ಆಕ್ಟಿವಿಟಿ, ಸರ್ವೀಸ್‌ಗಳಿಂದ ಹೊರಟು, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂದು ಜಾಡು ಹಿಡಿಯುತ್ತದೆ. ಜಾಡಿಗೆ ಸಿಗದ ಕೋಡ್ ಹೋಗುತ್ತದೆ, ಸಿಕ್ಕಿದ್ದರ ಹೆಸರು ಎ, ಬಿ ಎಂದು ಚಿಕ್ಕದಾಗುತ್ತದೆ, ಸಣ್ಣ ಫಂಕ್ಷನ್‌ಗಳು ಕರೆದ ಜಾಗದಲ್ಲೇ ಬೆರೆತುಹೋಗುತ್ತವೆ. ಅದರ ಕಣ್ಣಿಗೆ ಬೀಳದ್ದು ರಿಫ್ಲೆಕ್ಷನ್, ಅಂದರೆ ಓಡುವಾಗ ಹೆಸರು ಹಿಡಿದು ಕ್ಲಾಸನ್ನೋ ಫೀಲ್ಡನ್ನೋ ಹುಡುಕುವುದು. ಕೀಪ್ ರೂಲ್ ಇರುವುದು ಹೆಚ್ಚಾಗಿ ಇಂಥ ಜಾಗಗಳನ್ನು ತೋರಿಸಿಕೊಡಲು.

ಬಿಲ್ಡ್ ಫೈಲ್‌ನ ರಿಲೀಸ್ ಬ್ಲಾಕ್‌ನಲ್ಲಿ ಮಿನಿಫೈ ಎನೇಬಲ್ಡ್ ಅನ್ನು ಟ್ರೂ ಮಾಡಿ. ನೀವು ಪರೀಕ್ಷೆಗೆ ಓಡಿಸುವ ಡೀಬಗ್ ಬಿಲ್ಡ್‌ನಲ್ಲಿ ಬೇಡ, ಬಿಲ್ಡ್ ನಿಧಾನವಾಗುತ್ತದೆ, ಬ್ರೇಕ್‌ಪಾಯಿಂಟ್‌ಗಳೂ ದಾರಿ ತಪ್ಪುತ್ತವೆ. ಡೀಫಾಲ್ಟ್ ರೂಲ್ ಫೈಲ್ ಆಗಿ ‘ಪ್ರೊಗಾರ್ಡ್-ಆಂಡ್ರಾಯ್ಡ್-ಆಪ್ಟಿಮೈಜ್’ ಕೊಡಿ. ಹೆಸರಿನಲ್ಲಿ ‘ಆಪ್ಟಿಮೈಜ್’ ಇಲ್ಲದ ಇನ್ನೊಂದರಲ್ಲಿ ಆಪ್ಟಿಮೈಸೇಷನ್ ಬೇಡ ಎಂಬ ಸಾಲು ಇರುತ್ತದೆ. ಹಳೆಯ ಪ್ರಾಜೆಕ್ಟ್‌ಗಳಲ್ಲಿ ಅದೇ ಉಳಿದುಕೊಂಡಿರುವುದು ತೀರ ಸಾಮಾನ್ಯ. ರಿಸೋರ್ಸ್ ಶ್ರಿಂಕಿಂಗ್ (ಬಳಸದ ಚಿತ್ರ ಮುಂತಾದವನ್ನು ತೆಗೆಯುವುದು) ಈಗಲೇ ಆನ್ ಮಾಡಬೇಡಿ. ಎರಡೂ ಒಟ್ಟಿಗೆ ಬಂದರೆ ಯಾವುದರಿಂದ ಏನು ಕೆಟ್ಟಿತು ಎಂದು ತಿಳಿಯುವುದಿಲ್ಲ.

ಇನ್ನು ನಿಜವಾದ ತೊಂದರೆ, ಜೇಸನ್, ಅಂದರೆ ಸರ್ವರ್ ಕಳಿಸುವ ಡೇಟಾದ ಪಠ್ಯ ರೂಪ. ಅದನ್ನು ಓದಿ ಕ್ಲಾಸ್‌ಗಳಿಗೆ ತುಂಬಲು ಜಿಸನ್ ಲೈಬ್ರರಿ ಬಳಸುತ್ತಿದ್ದೀರಿ ಎಂದು ಬರೆದಿದ್ದೀರಿ. ಬಿಲ್ ಎಂಬ ಡೇಟಾ ಕ್ಲಾಸ್, ಅದರಲ್ಲಿ ಅಮೌಂಟ್ ಎಂಬ ಫೀಲ್ಡ್ ಇದೆ ಎನ್ನಿ. ಆರ್‌8 ಆ ಫೀಲ್ಡಿನ ಹೆಸರನ್ನು ‘ಎ’ ಮಾಡುತ್ತದೆ. ಸರ್ವರ್‌ನಿಂದ ಬರುವ ಕೀ ಮಾತ್ರ ಅಮೌಂಟ್ ಎಂದೇ ಇರುತ್ತದೆ. ಜಿಸನ್‌ಗೆ ಹೊಂದುವ ಫೀಲ್ಡ್ ಸಿಗುವುದಿಲ್ಲ, ದೂರು ಹೇಳದೆ ಮುಂದೆ ಹೋಗುತ್ತದೆ. ಕ್ರ್ಯಾಶ್ ಇಲ್ಲ, ಲಾಗ್‌ನಲ್ಲೂ ಏನಿಲ್ಲ, ಪರದೆಯ ಮೇಲೆ ಬಿಲ್ ಮೊತ್ತ 0 ರೂಪಾಯಿ. ಕ್ರ್ಯಾಶ್‌ಗಿಂತ ನಾನು ಹೆದರುವುದು ಇದಕ್ಕೇ. ಮಾಡೆಲ್ ಕ್ಲಾಸ್‌ಗಳ ಪ್ರತಿ ಫೀಲ್ಡಿಗೂ ಸೀರಿಯಲೈಜ್ಡ್‌ನೇಮ್ ಅನೊಟೇಷನ್ (ಜೇಸನ್‌ನ ಕೀ ಯಾವುದೆಂದು ಹೇಳುವ ಗುರುತು) ಹಾಕಿ, ಜಿಸನ್ ಅನ್ನು 2.11 ಅಥವಾ ಅದಕ್ಕಿಂತ ಹೊಸದಕ್ಕೆ ಏರಿಸಿ. ಆ ಅನೊಟೇಷನ್ ಇರುವ ಫೀಲ್ಡ್‌ಗಳಿಗೆ ಬೇಕಾದ ಮೂಲ ರೂಲ್‌ಗಳು ಅದರೊಳಗೇ ಬರುತ್ತವೆ.

ಬಿಲ್ಡ್ ನಡೆಸುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ರಿಂದ ಆರ್‌8ನ ಫುಲ್ ಮೋಡ್ (ಇನ್ನೂ ಕಟ್ಟುನಿಟ್ಟಾಗಿ ಕೋಡ್ ಕತ್ತರಿಸುವ ಬಗೆ) ತಾನಾಗಿಯೇ ಆನ್ ಇರುತ್ತದೆ. ಅದರಲ್ಲಿ ಕ್ಲಾಸಿಗೆ ಕೀಪ್ ಹಾಕಿದ ಮಾತ್ರಕ್ಕೆ ಅದರ ಡೀಫಾಲ್ಟ್ ಕನ್‌ಸ್ಟ್ರಕ್ಟರ್ ಉಳಿಯುವುದಿಲ್ಲ, ಬೇಕಿದ್ದರೆ ಅದನ್ನೂ ಹೆಸರಿಸಬೇಕು. ಕೋಡ್‌ನಲ್ಲಿ ಎಲ್ಲೂ ಸೃಷ್ಟಿಯಾಗದ ಕ್ಲಾಸನ್ನು ಆರ್‌8 ಅಬ್‌ಸ್ಟ್ರ್ಯಾಕ್ಟ್ ಮಾಡಿಬಿಡಬಹುದು. ಜಿಸನ್ ‘ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್ ಸೃಷ್ಟಿಸಲಾಗದು’ ಎಂದು ಬಿದ್ದರೆ ಕಾರಣ ಹೆಚ್ಚಾಗಿ ಇದೇ. ಫುಲ್ ಮೋಡ್ ಆಫ್ ಮಾಡುವ ಸಲಹೆ ನಿಮಗೆ ಸಿಗುತ್ತದೆ, ಒಪ್ಪಬೇಡಿ. ಹೊಸ ಪ್ರಾಜೆಕ್ಟ್ ಆಗಿದ್ದರೆ ಕೋಟ್ಲಿನ್‌ಎಕ್ಸ್ ಸೀರಿಯಲೈಸೇಷನ್‌ಗೆ ಹೋಗುವುದೇ ಒಳ್ಳೆಯದು. ಅಲ್ಲಿ ಜೇಸನ್ ಓದುವ ಕೋಡ್ ಕಂಪೈಲ್ ಆಗುವಾಗಲೇ ಹುಟ್ಟುತ್ತದೆ, ಆದ್ದರಿಂದ ಆರ್‌8ಗೂ ಕಾಣುತ್ತದೆ.

ಸಿ ಪ್ಲಸ್ ಪ್ಲಸ್ ಕಡೆಯಿಂದ ಹೆಸರು ಹಿಡಿದು ಕರೆಯುವ ಫಂಕ್ಷನ್‌ಗಳಿಗೂ ಕೀಪ್ ಬೇಕು. ಅಂಥವು ಒಂದೆರಡೇ ಇದ್ದರೆ ಆ ಫಂಕ್ಷನ್ ಮೇಲೆ ನೇರವಾಗಿ ಕೀಪ್ ಅನೊಟೇಷನ್ ಹಾಕಿ, ಮುಂದೆ ಕೋಡ್ ಓದುವವರಿಗೂ ಕಾರಣ ಕಾಣುತ್ತದೆ.

‘ಮಿಸ್ಸಿಂಗ್ ಕ್ಲಾಸ್’ ಎಂದು ಬಿಲ್ಡ್ ನಿಂತರೆ ಆರ್‌8 ತಾನೇ ಮಿಸ್ಸಿಂಗ್ ರೂಲ್ಸ್ ಎಂಬ ಫೈಲ್ ಬರೆದಿಡುತ್ತದೆ. ಅದರ ‘ಡೋಂಟ್‌ವಾರ್ನ್’ (ಎಚ್ಚರಿಸಬೇಡ) ಸಾಲುಗಳನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ಕ್ಲಾಸ್ ನಿಜಕ್ಕೂ ಬೇಕಾಗಿದ್ದು ಅದನ್ನು ತರುವ ಲೈಬ್ರರಿಯನ್ನು (ಡಿಪೆಂಡೆನ್ಸಿ) ಸೇರಿಸುವುದು ಬಿಟ್ಟುಹೋಗಿದ್ದರೆ, ಎಚ್ಚರಿಕೆ ಅಡಗುತ್ತದೆ, ಕ್ರ್ಯಾಶ್ ಬಳಕೆದಾರರ ಫೋನಿನಲ್ಲಿ ಆಗುತ್ತದೆ.

ಬಿಲ್ಡ್ ಆದ ಮೇಲೆ ಔಟ್‌ಪುಟ್ಸ್ ಒಳಗಿನ ಮ್ಯಾಪಿಂಗ್ ಫೋಲ್ಡರ್ ತೆರೆಯಿರಿ. ಯೂಸೇಜ್ ಫೈಲ್‌ನಲ್ಲಿ ತೆಗೆದುಹಾಕಿದ್ದರ ಪಟ್ಟಿ ಇದೆ, ಸೀಡ್ಸ್‌ನಲ್ಲಿ ಕೀಪ್ ರೂಲ್‌ಗಳು ಹಿಡಿದಿಟ್ಟಿದ್ದರ ಪಟ್ಟಿ. ಸೀಡ್ಸ್ ಉದ್ದವಾಗಿದ್ದರೆ ನಿಮ್ಮ ರೂಲ್ ಅಗಲವಾಗಿದೆ ಎಂದರ್ಥ. ಕಾನ್ಫಿಗರೇಷನ್ ಫೈಲ್‌ನಲ್ಲಿ ಲೈಬ್ರರಿಗಳು ತಂದ ರೂಲ್‌ಗಳೂ ಸೇರಿರುತ್ತವೆ. ಅದರಲ್ಲಿ ‘ಡೋಂಟ್‌ಆಪ್ಟಿಮೈಜ್’ ಎಂದು ಹುಡುಕಿ ನೋಡಿ. ಗ್ರೇಡಲ್ ಪ್ಲಗಿನ್ 9.0ಕ್ಕಿಂತ ಹಳೆಯದಾಗಿದ್ದು, ಯಾವುದೋ ಒಂದು ಲೈಬ್ರರಿ ಆ ಸಾಲು ತಂದಿದ್ದರೆ ಇಡೀ ಆ್ಯಪ್‌ನ ಆಪ್ಟಿಮೈಸೇಷನ್ ನಿಂತಿರುತ್ತದೆ.

ಎಲ್ಲಾ ಪರದೆಗಳನ್ನೂ ರಿಲೀಸ್ ಬಿಲ್ಡ್‌ನಲ್ಲೇ ಒಮ್ಮೆ ತೆರೆದು, ಅಂಕಿಗಳು ಸರಿಯಿವೆಯೇ ನೋಡಿ. ಆಮೇಲೆ ರಿಸೋರ್ಸ್ ಶ್ರಿಂಕಿಂಗ್ ಆನ್ ಮಾಡಿ. ಚಿತ್ರಗಳನ್ನು ಹೆಸರು ಜೋಡಿಸಿ ತರುವ ಕೋಡ್ ಇದ್ದರೆ, ಆ ಚಿತ್ರಗಳನ್ನು ರಾ ಫೋಲ್ಡರಿನ ಕೀಪ್ ಎಕ್ಸ್‌ಎಂಎಲ್‌ನಲ್ಲಿ ನಮೂದಿಸಿ.

ಮೂಲ ಹೆಸರು ಯಾವ ಚಿಕ್ಕ ಹೆಸರಾಯಿತು ಎಂದು ಹೇಳುವ ಮ್ಯಾಪಿಂಗ್ ಫೈಲನ್ನು ಪ್ರತಿ ರಿಲೀಸ್‌ಗೂ ವರ್ಷನ್ ಕೋಡ್ ಸಮೇತ ಸಿಐ ಸರ್ವರ್‌ನಲ್ಲಿ (ಬಿಲ್ಡ್‌ಗಳನ್ನು ತಾನಾಗಿ ಮಾಡುವ ಸರ್ವರ್) ಉಳಿಸಿಡಿ. ಆ್ಯಪ್ ಬಂಡಲ್ ಆದರೆ ಪ್ಲೇ ಕನ್ಸೋಲ್‌ಗೆ ಅದು ತಾನೇ ಹೋಗುತ್ತದೆ, ಎಪಿಕೆ ನೇರವಾಗಿ ಹಂಚುವುದಾದರೆ ಹೊಣೆ ನಿಮ್ಮದೇ. ಕ್ರ್ಯಾಶ್ ವರದಿಯ ಎ.ಬಿ.ಸಿ ಸಾಲುಗಳನ್ನು ರಿಟ್ರೇಸ್ ಉಪಕರಣ ಮೂಲ ಹೆಸರಿಗೆ ತಿರುಗಿಸುವುದು ಅದೇ ಬಿಲ್ಡ್‌ನ ಮ್ಯಾಪಿಂಗ್ ಇದ್ದಾಗ ಮಾತ್ರ.